‘ಸ್ಪೀಕ್ ಅಂಡ್ ಸ್ಪೆಲ್’: ಇದೂ ಡಿಪೆಷ್ ಮೋಡ್ ಆಲ್ಬಮ್ಮೇನಾ?

ಪ್ರಶ್ನೆ: ನಾನು ಬ್ರಿಟನ್ನಿನ ಪಾಪ್ ತಂಡ ಡಿಪೆಷ್ ಮೋಡ್ ಕೇಳಲು ಶುರು ಮಾಡಿದ್ದು ‘ವಯಲೇಟರ್’ ಆಲ್ಬಮ್‌ನಿಂದ. ಆ ಗಾಢವಾದ ದನಿ, ಆ ಕತ್ತಲು ನನಗೆ ತುಂಬಾ ಇಷ್ಟ. ಈಚೆಗೆ ಅವರ ಮೊದಲ ಆಲ್ಬಮ್ ‘ಸ್ಪೀಕ್ ಅಂಡ್ ಸ್ಪೆಲ್’ ಕೇಳಿದೆ. ಮಕ್ಕಳ ಆಟಿಕೆಯಿಂದ ಬಂದ ಸಂಗೀತದ ಹಾಗಿದೆ. ಶಬ್ದ ತೆಳ್ಳಗಿದೆ, ಸಾಹಿತ್ಯಕ್ಕೆ ತಲೆಬುಡವಿಲ್ಲ. ಇದು ನಿಜಕ್ಕೂ ಅದೇ ತಂಡವಾ? ಇದನ್ನು ಯಾಕೆ ಮುಖ್ಯ ಆಲ್ಬಮ್ ಅನ್ನುತ್ತಾರೆ? ಇನ್ನೊಂದು ವಿಷಯ. ಹಾಡುಗಳ ಪಟ್ಟಿ ಒಂದೊಂದು ಕಡೆ ಒಂದೊಂದು ಥರ ಇದೆ. ಯಾವುದನ್ನು ಕೇಳಬೇಕು?

ಉತ್ತರ: ತಂಡ ಅದೇ, ಹಾಡು ಕಟ್ಟಿದವರು ಬೇರೆ. ನಿಮ್ಮ ಗೊಂದಲಕ್ಕೆ ಮುಖ್ಯ ಕಾರಣ ಇದೇ. 1990ರ ‘ವಯಲೇಟರ್’ನ ಹಾಡುಗಳೆಲ್ಲ ಮಾರ್ಟಿನ್ ಗೋರ್ ಬರೆದದ್ದು. 1981ರ ‘ಸ್ಪೀಕ್ ಅಂಡ್ ಸ್ಪೆಲ್’ನ 11 ಹಾಡುಗಳಲ್ಲಿ 9 ಹಾಡು ವಿನ್ಸ್ ಕ್ಲಾರ್ಕ್ ಅವರವು. ಈ ಆಲ್ಬಮ್ ಬಂದ ವರ್ಷವೇ ಕ್ಲಾರ್ಕ್ ತಂಡ ಬಿಟ್ಟು ಹೊರಟರು. ಹಾಗಾಗಿ ಇದನ್ನು ‘ವಯಲೇಟರ್’ನ ಎಳೆಯ ರೂಪ ಎಂದುಕೊಂಡು ಕೇಳಿದರೆ ನಿರಾಸೆ ಆಗಿಯೇ ಆಗುತ್ತದೆ. ಇದು ಎಳಸು ಕೆಲಸ ಅಲ್ಲ. ವಿನ್ಸ್ ಕ್ಲಾರ್ಕ್ ಎಂಬ ಪಾಪ್ ಸಂಗೀತಗಾರನಿಗೆ 21ನೇ ವಯಸ್ಸಿಗೇ ತನ್ನ ದಾರಿ ಸ್ಪಷ್ಟವಾಗಿ ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿ. ಹಾಗೆ ಕೇಳಿ ನೋಡಿ, ಆಲ್ಬಮ್ ಬೇರೆಯೇ ಆಗಿ ಕೇಳಿಸುತ್ತದೆ.

ಮೊದಲು ಊರಿನ ವಿಷಯ ಹೇಳುತ್ತೇನೆ, ಯಾಕೆಂದರೆ ಈ ಸಂಗೀತಕ್ಕೂ ಆ ಊರಿಗೂ ಸಂಬಂಧವಿದೆ. ಲಂಡನ್ನಿನ ಪೂರ್ವಕ್ಕೆ ಎಸೆಕ್ಸ್ ಕೌಂಟಿಯಲ್ಲಿ ಬ್ಯಾಸಿಲ್ಡನ್ ಅಂತ ಒಂದು ಊರಿದೆ. ಎರಡನೇ ಮಹಾಯುದ್ಧದ ನಂತರ ಬ್ರಿಟಿಷ್ ಸರ್ಕಾರ ಯೋಜನೆ ಹಾಕಿ ಕಟ್ಟಿದ ಹೊಸ ಪಟ್ಟಣಗಳಲ್ಲಿ ಇದೂ ಒಂದು. ಲಂಡನ್ನಿನ ಕೆಲಸಗಾರ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಎಪ್ಪತ್ತರ ದಶಕದ ಕೊನೆಯಲ್ಲಿ ಈ ಊರಿನ ಹುಡುಗರಿಗೆ ಮಾಡಲು ಜಾಸ್ತಿ ಏನೂ ಇರಲಿಲ್ಲ. ವಿನ್ಸ್ ಕ್ಲಾರ್ಕ್, ಆಂಡಿ ಫ್ಲೆಚರ್, ಮಾರ್ಟಿನ್ ಗೋರ್ ಮೂವರೂ ಇಲ್ಲಿಯವರೇ. ಫ್ಲೆಚರ್ ಲಂಡನ್ನಿನ ವಿಮಾ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಗೋರ್ ಬ್ಯಾಂಕಿನಲ್ಲಿ. ಮೂವರೂ ಸೇರಿ ‘ಕಾಂಪೊಸಿಷನ್ ಆಫ್ ಸೌಂಡ್’ ಎಂಬ ತಂಡ ಕಟ್ಟಿದರು. 1980ರಲ್ಲಿ ಡೇವ್ ಗಹನ್ ಹಾಡುಗಾರನಾಗಿ ಬಂದ ಮೇಲೆ, ಒಂದು ಫ್ರೆಂಚ್ ಫ್ಯಾಷನ್ ಪತ್ರಿಕೆಯ ಹೆಸರನ್ನೇ ತೆಗೆದುಕೊಂಡು ಡಿಪೆಷ್ ಮೋಡ್ ಆದರು.

ಗಿಟಾರ್ ಬಿಟ್ಟು ಸಿಂಥಸೈಜರ್ (ಸಿಂಥ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್) ಯಾಕೆ ಹಿಡಿದರು? ಗ್ಯಾರಿ ನ್ಯೂಮನ್ 1979ರಲ್ಲಿ ಸಿಂಥ್ ಹಾಡಿನೊಂದಿಗೆ ಬ್ರಿಟನ್ನಿನ ಹಾಡುಗಳ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದ್ದರು. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡ ಅದಕ್ಕೂ ಮೊದಲೇ ದಾರಿ ತೋರಿಸಿತ್ತು. ಅಷ್ಟರಲ್ಲಿ ಜಪಾನ್ ಕಂಪನಿಗಳ ಸಣ್ಣ ಸಿಂಥ್‌ಗಳು ಸಾಮಾನ್ಯ ಸಂಬಳದವರ ಕೈಗೂ ಎಟುಕುವ ಬೆಲೆಗೆ ಬಂದಿದ್ದವು. ಅವುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ರೈಲಿನಲ್ಲಿ ಹೋಗಬಹುದಿತ್ತು. ಶಬ್ದ ಹೆಚ್ಚಿಸುವ ದೊಡ್ಡ ಆಂಪ್ ಪೆಟ್ಟಿಗೆ ಹೊರಬೇಕಿರಲಿಲ್ಲ. ಕ್ಲಬ್ಬಿನ ಧ್ವನಿವರ್ಧಕಕ್ಕೆ ನೇರ ವೈರ್ ಹಾಕಿದರೆ ಮುಗಿಯಿತು. ವ್ಯಾನ್ ಇಲ್ಲದ, ಸಂಗೀತ ಕಾಲೇಜಿನ ಮುಖ ನೋಡದ ಹುಡುಗರಿಗೆ ಇದು ಎಂಥ ಬಿಡುಗಡೆ, ಯೋಚಿಸಿ.

ಈಗ ನಿಮ್ಮ ‘ತೆಳ್ಳಗಿದೆ’ ಎಂಬ ಮಾತಿಗೆ ಬರುತ್ತೇನೆ. ನಿಮ್ಮ ಕಿವಿ ಸರಿಯಾಗಿಯೇ ಇದೆ. ನಿಜಕ್ಕೂ ತೆಳ್ಳಗಿದೆ. ಆದರೆ ಅದು ಬಡತನ ಅಲ್ಲ, ರಚನೆ.

ಈ ತಂಡದ ಬಳಿ ಇದ್ದ ಹೆಚ್ಚಿನ ಸಿಂಥ್‌ಗಳು ಮಾನೋಫೋನಿಕ್. ಫ್ಲೆಚರ್ ಹತ್ತಿರ ಮೂಗ್ ಪ್ರಾಡಿಜಿ ಇತ್ತು, ಗೋರ್ ಹತ್ತಿರ ಯಮಾಹಾ ಸಿಎಸ್-5. ಇವು ನಮ್ಮ ಕೊಳಲಿನ ಹಾಗೆ, ಒಂದು ಸಲಕ್ಕೆ ಒಂದೇ ಸ್ವರ ಕೊಡುತ್ತವೆ. ಎರಡು ಕೀ ಒಟ್ಟಿಗೆ ಒತ್ತಿದರೂ ಒಂದೇ ಕೇಳುತ್ತದೆ. ಅಂದರೆ ಕಾರ್ಡ್ (ಒಟ್ಟಿಗೆ ಮೊಳಗುವ ಹಲವು ಸ್ವರಗಳು) ನುಡಿಸಲು ಆಗುವುದಿಲ್ಲ. ಗಿಟಾರಿನವನು ಆರು ತಂತಿಯನ್ನು ಒಮ್ಮೆಗೇ ಬಾರಿಸಿ ಹಾಡಿನ ಹಿಂದೆ ದಪ್ಪ ಗೋಡೆ ನಿಲ್ಲಿಸಬಲ್ಲ. ಪಿಯಾನೋದವನೂ ಅಷ್ಟೇ. ಇವರಿಗೆ ಆ ಗೋಡೆಯೇ ಇಲ್ಲ. ಹಾಗಾದರೆ ಹಾಡು ನಿಲ್ಲುವುದು ಹೇಗೆ?

ಕ್ಲಾರ್ಕ್ ಕಂಡುಕೊಂಡ ಉತ್ತರ ಸರಳ, ಆದರೆ ಕಷ್ಟದ್ದು. ಪ್ರತಿಯೊಂದು ಸಿಂಥ್‌ಗೂ ಒಂದೊಂದು ಪುಟ್ಟ ಟ್ಯೂನ್ ಕೊಡುವುದು. ಕೆಳಗೆ ಬೇಸ್ ಒಂದು ಟ್ಯೂನ್, ಮೇಲೆ ಇನ್ನೊಂದು, ನಡುವೆ ಮತ್ತೊಂದು, ಅದರ ಮೇಲೆ ಗಹನ್ ದನಿ. ಒಂದು ನಿಂತಾಗ ಇನ್ನೊಂದು ಮಾತಾಡಬೇಕು. ಎಲ್ಲ ಸೇರಿದಾಗ ನಿಮ್ಮ ಕಿವಿಯೇ ಕಾರ್ಡ್ ಕಟ್ಟಿಕೊಳ್ಳುತ್ತದೆ. ಇಲ್ಲಿ ಸುಮ್ನೆ ತುಂಬಿಸಲು ಹಾಕಿದ ಸ್ವರ ಇಲ್ಲ. ಇದ್ದರೆ ತಕ್ಷಣ ಸಿಕ್ಕಿಬೀಳುತ್ತದೆ, ಅಡಗಿಕೊಳ್ಳಲು ಜಾಗವೇ ಇಲ್ಲ. ‘ಜಸ್ಟ್ ಕಾಂಟ್ ಗೆಟ್ ಎನಫ್’ ಹಾಡಿನ ಆ ಪ್ರಸಿದ್ಧ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಸ್ವರಸಾಲು) ಒಂದನ್ನೇ ಬೆರಳಿನಲ್ಲಿ ಲೆಕ್ಕ ಹಾಕಿ ನೋಡಿ. ಎಷ್ಟು ಕಡಿಮೆ ಸ್ವರ! ಒಂದು ಬಾರಿ ಕೇಳಿದವರು ವರ್ಷಗಟ್ಟಲೆ ಮರೆಯುವುದಿಲ್ಲ. ಅಷ್ಟು ಕಡಿಮೆಯಲ್ಲಿ ಅಷ್ಟು ಹಿಡಿತ ತರುವುದು ಆಟಿಕೆಯ ಕೆಲಸ ಅಲ್ಲ.

ಹೆಡ್‌ಫೋನ್ ಹಾಕಿಕೊಂಡು ‘ನ್ಯೂ ಲೈಫ್’ ಕೇಳಿ. ಮೊದಲ ಸಲ ದನಿಯನ್ನು ಬಿಟ್ಟುಬಿಡಿ, ಬೇಸ್ ಒಂದನ್ನೇ ಹಿಂಬಾಲಿಸಿ. ಎರಡನೇ ಸಲ ಮೇಲಿನ ಎಳೆ. ಮೂರನೇ ಸಲ ಗಹನ್ ಜೊತೆ ಸೇರುವ ಉಳಿದವರ ದನಿಗಳು. ಪ್ರತಿ ಸಲವೂ ಒಂದು ಪೂರ್ತಿ ಟ್ಯೂನ್ ಕೈಗೆ ಸಿಗುತ್ತದೆ. ನನ್ನ ಮಟ್ಟಿಗೆ ಈ ಆಲ್ಬಮ್‌ನ ಅತ್ಯುತ್ತಮ ಹಾಡು ಇದೇ, ಜನಪ್ರಿಯತೆಯಲ್ಲಿ ‘ಜಸ್ಟ್ ಕಾಂಟ್ ಗೆಟ್ ಎನಫ್’ ಎಷ್ಟೇ ಮುಂದಿರಲಿ.

ಇಷ್ಟು ಹೇಳಿ ಡೇನಿಯಲ್ ಮಿಲ್ಲರ್ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. ಇವರು ಮ್ಯೂಟ್ ರೆಕಾರ್ಡ್ಸ್ ಕಟ್ಟಿದವರು. 1978ರಲ್ಲಿ ‘ದ ನಾರ್ಮಲ್’ ಎಂಬ ಹೆಸರಿನಲ್ಲಿ ತಾವೊಬ್ಬರೇ ಸಿಂಥ್ ಹಿಡಿದು ಒಂದು ಸಿಂಗಲ್ (ಒಂದೆರಡು ಹಾಡಿನ ರೆಕಾರ್ಡ್) ಮಾಡಿ, ಅದನ್ನು ಹೊರತರಲೆಂದೇ ಕಂಪನಿ ಶುರು ಮಾಡಿದರು. ಅದಾದ ಮೇಲೆ ‘ಸಿಲಿಕಾನ್ ಟೀನ್ಸ್’ ಅಂತ ಇನ್ನೊಂದು ಯೋಜನೆ. ಬರೀ ಸಿಂಥ್ ನುಡಿಸುವ ಹದಿಹರೆಯದ ಪಾಪ್ ತಂಡ, ಆದರೆ ಅಂಥ ತಂಡವೇ ಇರಲಿಲ್ಲ. ಎಲ್ಲ ಮಿಲ್ಲರ್ ಕಲ್ಪನೆ. 1980ರಲ್ಲಿ ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನ್‌ನ ಬ್ರಿಡ್ಜ್ ಹೌಸ್ ಎಂಬ ಪಬ್‌ನಲ್ಲಿ ಫ್ಯಾಡ್ ಗ್ಯಾಜೆಟ್ ಎಂಬ ಸಂಗೀತಗಾರನ ಕಾರ್ಯಕ್ರಮಕ್ಕೆ ಮೊದಲು ನಾಲ್ಕು ಹುಡುಗರು ಸಿಂಥ್ ಹಿಡಿದು ವೇದಿಕೆ ಹತ್ತಿದರು. ಮಿಲ್ಲರ್ ಅದಕ್ಕೆ ಮುಂಚೆ ಇವರ ಡೆಮೊ ಟೇಪನ್ನು ಬೇಡ ಅಂದಿದ್ದರು. ಆ ರಾತ್ರಿ ಮಾತ್ರ ತಾವು ಕಲ್ಪಿಸಿಕೊಂಡಿದ್ದ ತಂಡವೇ ಎದುರಿಗೆ ನಿಂತಿದ್ದು ಕಂಡರು.

ಅವರ ನಡುವೆ ಆದ ಒಪ್ಪಂದ ಇವತ್ತಿಗೂ ಸಂಗೀತ ವ್ಯಾಪಾರದಲ್ಲಿ ಮಾತಾಗುತ್ತದೆ. ಕಾಗದ ಇಲ್ಲ, ಸಹಿ ಇಲ್ಲ, ಬರೀ ಕೈಕುಲುಕು. ಲಾಭ ಬಂದರೆ ಅರ್ಧ ಅರ್ಧ. ದೊಡ್ಡ ಕಂಪನಿಗಳು ಹಣದ ಆಸೆ ತೋರಿಸಿದಾಗಲೂ ಹುಡುಗರು ಮ್ಯೂಟ್ ಬಿಡಲಿಲ್ಲ. ಈ ಆಲ್ಬಮ್ ಮುಖ್ಯ ಅನ್ನುವುದಕ್ಕೆ ಇದೂ ಒಂದು ಕಾರಣ. ಒಂದು ಪುಟ್ಟ ಸ್ವತಂತ್ರ ಕಂಪನಿ, ಒಪ್ಪಂದದ ಕಾಗದವೂ ಇಲ್ಲದೆ, ಇದರ ಎರಡು ಹಾಡುಗಳನ್ನು ಬ್ರಿಟನ್ನಿನ ಪಟ್ಟಿಯ ಮೊದಲ ಹನ್ನೊಂದರೊಳಗೆ ತಂದಿತು. ಫೆಬ್ರವರಿ 1981ರಲ್ಲಿ ಬಂದ ‘ಡ್ರೀಮಿಂಗ್ ಆಫ್ ಮಿ’ 57ನೇ ಸ್ಥಾನ ಮುಟ್ಟಿತು. ಜೂನ್‌ನ ‘ನ್ಯೂ ಲೈಫ್’ 11ಕ್ಕೆ ಬಂತು. ಸೆಪ್ಟೆಂಬರ್‌ನ ‘ಜಸ್ಟ್ ಕಾಂಟ್ ಗೆಟ್ ಎನಫ್’ 8ಕ್ಕೆ. ಅಕ್ಟೋಬರ್‌ನಲ್ಲಿ ಬಂದ ಆಲ್ಬಮ್ 10ನೇ ಸ್ಥಾನಕ್ಕೆ ಏರಿತು. ಅದೇ ತಿಂಗಳು ಇನ್ನೊಂದು ಸಿಂಥ್ ತಂಡ ಹ್ಯೂಮನ್ ಲೀಗ್‌ನ ‘ಡೇರ್’ ಆಲ್ಬಮ್ ಕೂಡ ಬಂತು. ಸಿಂಥ್ ಪಾಪ್ ಇನ್ನು ಪಕ್ಕದ ಓಣಿಯ ಸಂಗೀತ ಅಲ್ಲ ಅನ್ನುವುದು ಆ ವರ್ಷ ತೀರ್ಮಾನವಾಯಿತು.

ರೆಕಾರ್ಡಿಂಗ್ ನಡೆದದ್ದು ಲಂಡನ್ನಿನ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಲ್ಲಿ. ಪೂಜೆ ನಿಂತುಹೋಗಿದ್ದ ಹಳೆಯ ಚರ್ಚ್ ಕಟ್ಟಡ ಅದು. ಎರಿಕ್ ರಾಡ್‌ಕ್ಲಿಫ್ ಅಲ್ಲಿನ ಎಂಜಿನಿಯರ್. ಮಿಲ್ಲರ್ ತಮ್ಮ ಎಆರ್‌ಪಿ 2600 ಸಿಂಥ್ ಮತ್ತು ಸೀಕ್ವೆನ್ಸರ್ (ಸ್ವರಸಾಲನ್ನು ತಾನೇ ನುಡಿಸುವ ಯಂತ್ರ) ತಂದರು. ನಿಮಗೆ ಆಟಿಕೆ ಅನ್ನಿಸಿದ ಆ ಶಬ್ದದ ಗುಟ್ಟು ಈ ಎರಡು ಪೆಟ್ಟಿಗೆಗಳಲ್ಲಿದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಡ್ರಮ್ಸ್ ಕೇಳಿದಿರಿ ಅಲ್ವಾ? ಅವು ಡ್ರಮ್ ಅಲ್ಲ. ಹೆಚ್ಚಿನವನ್ನು ಎಆರ್‌ಪಿಯಲ್ಲಿ ಕೈಯಾರೆ ಮಾಡಿದ್ದು. ಅನಲಾಗ್ ಸಿಂಥ್‌ನಲ್ಲಿ ಸ್ನೇರ್ ಡ್ರಮ್‌ನ ಚುರುಕು ಏಟು ಮಾಡಬೇಕಾದರೆ ‘ಶ್ಶ್’ ಅನ್ನುವ ನಾಯ್ಸ್ ತೆಗೆದುಕೊಳ್ಳಬೇಕು. ಅದನ್ನು ಫಿಲ್ಟರ್ ಮೂಲಕ ಹಾಯಿಸಿ, ಥಟ್ಟನೆ ಎದ್ದು ಥಟ್ಟನೆ ಸಾಯುವ ಹಾಗೆ ಕತ್ತರಿಸಬೇಕು. ಆಗ ಏಟಿನ ಶಬ್ದ ಬರುತ್ತದೆ. ಕೆಳಗಿನ ‘ಧಪ್’ ಬೇಕಾದರೆ ತಗ್ಗಿನ ಸ್ವರವೊಂದನ್ನು ಕಣ್ಣು ಮಿಟುಕಿಸುವುದರೊಳಗೆ ಇನ್ನೂ ಕೆಳಕ್ಕೆ ಜಾರಿಸಬೇಕು. ಅಂಗಡಿಯಲ್ಲಿ ಸಿಗುವ ರಿದಮ್ ಪೆಟ್ಟಿಗೆಯ ಗುಂಡಿ ಒತ್ತಿದ್ದರೆ ಎಲ್ಲರ ಹಾಗೆಯೇ ಕೇಳುತ್ತಿತ್ತು. ಮಿಲ್ಲರ್‌ಗೆ ಅದು ಬೇಡವಾಗಿತ್ತು. ‘ಫೋಟೋಗ್ರಾಫಿಕ್’ ಹಾಡಿನ ತಾಳ ಗಮನಿಸಿ. ಅಷ್ಟು ಒಣ, ಅಷ್ಟು ಚೂಪು. ಸುತ್ತ ಗುಂಯ್ ಎನ್ನುವ ಪ್ರತಿಧ್ವನಿಯೇ ಇಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಬಂದ ಭಾರಿ ಗಾತ್ರದ ಡ್ರಮ್ ಶಬ್ದಗಳು ಇವತ್ತು ಹಳಸಿದಂತೆ ಕೇಳುತ್ತವೆ. ಇವು ಹಳಸಿಲ್ಲ.

ಇನ್ನು ಸೀಕ್ವೆನ್ಸರ್. ವಾದ್ಯಗಳನ್ನೂ ಕಂಪ್ಯೂಟರನ್ನೂ ಜೋಡಿಸುವ ಮಿಡಿ ವ್ಯವಸ್ಥೆ ಬರಲು ಇನ್ನೂ ಎರಡು ವರ್ಷ ಇತ್ತು. ಕಂಪ್ಯೂಟರ್ ಪರದೆ ಮೇಲೆ ಸ್ವರ ಬರೆಯುವ ಸೌಲಭ್ಯ ಇವರಿಗೆ ಇರಲಿಲ್ಲ. ಎಆರ್‌ಪಿ ಸೀಕ್ವೆನ್ಸರ್‌ನಲ್ಲಿ ಹದಿನಾರು ಹೆಜ್ಜೆ, ಪ್ರತಿ ಹೆಜ್ಜೆಗೂ ಎಳೆದು ಸರಿಹೊಂದಿಸುವ ಒಂದು ಹಿಡಿ. ಒಂದೊಂದು ಹೆಜ್ಜೆಯೂ ಸಿಂಥ್‌ಗೆ ಒಂದಿಷ್ಟು ವೋಲ್ಟೇಜ್ ಕಳಿಸುತ್ತದೆ. ಒಂದು ವೋಲ್ಟ್ ಹೆಚ್ಚಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಅಂದರೆ ಅರ್ಧ ಸ್ವರದ ಅಂತರಕ್ಕೆ ವೋಲ್ಟಿನ ಹನ್ನೆರಡನೇ ಒಂದು ಭಾಗ. ಕಿವಿಯಲ್ಲಿ ಕೇಳುತ್ತಾ, ಬೆರಳಲ್ಲಿ ಕೂದಲೆಳೆಯಷ್ಟು ಸರಿಸುತ್ತಾ ಶ್ರುತಿ ಕೂಡಿಸಬೇಕು. ಅಷ್ಟು ಮಾಡಿದ ಮೇಲೆ ಆ ಪುಟ್ಟ ಸಾಲು ತಪ್ಪದೆ ಸುತ್ತುತ್ತದೆ. ಈ ಆಲ್ಬಮ್‌ನ ರಿಫ್‌ಗಳು ಯಾಕೆ ಚಿಕ್ಕವು, ಯಾಕೆ ಮತ್ತೆ ಮತ್ತೆ ಬರುತ್ತವೆ ಎಂದರೆ ಯಂತ್ರದ ಅಳತೆಯೇ ಅಷ್ಟು. ಮಿಲ್ಲರ್ ಸಿಗುವವರೆಗೆ ಈ ಹುಡುಗರು ಸಿಂಥ್ ಸಾಲುಗಳನ್ನೆಲ್ಲ ಕೈಯಲ್ಲೇ ನುಡಿಸುತ್ತಿದ್ದರು. ಸೀಕ್ವೆನ್ಸರ್ ಕಂಡ ಕ್ಲಾರ್ಕ್ ಅದನ್ನು ಬಿಡಲೇ ಇಲ್ಲ. ಅವರ ಮುಂದಿನ ಜೀವನವೆಲ್ಲ ಅದರ ಸುತ್ತಲೇ ನಡೆಯಿತು.

ಸಾಹಿತ್ಯದ ಬಗ್ಗೆ ನೀವು ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ‘ನ್ಯೂ ಲೈಫ್’ ಸಾಲುಗಳನ್ನು ಕಾಗದದ ಮೇಲೆ ಬರೆದು ಓದಿದರೆ ಕತೆ ಸಿಗುವುದಿಲ್ಲ. ಕ್ಲಾರ್ಕ್ ಪದವನ್ನು ಅರ್ಥಕ್ಕಿಂತ ಜಾಸ್ತಿ ಶಬ್ದಕ್ಕಾಗಿ ಆರಿಸುತ್ತಿದ್ದರು. ಅವರಿಗೆ ಪದವೂ ಒಂದು ವಾದ್ಯ. ತಾಳಕ್ಕೆ ಸರಿಯಾಗಿ ಕೂರಬೇಕು, ಬಾಯಲ್ಲಿ ಹೊರಳಬೇಕು. ಗೋರ್ ಹಾಗಲ್ಲ. ಅವರಿಗೆ ಹೇಳಲು ಏನಾದರೂ ಇರುತ್ತದೆ, ಅದಕ್ಕೇ ‘ವಯಲೇಟರ್’ ನಿಮ್ಮ ಎದೆಗೆ ತಾಗಿದ್ದು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಆದರೆ ಇನ್ನರ್ಧ ಒಪ್ಪುವುದಿಲ್ಲ. ‘ಪಪೆಟ್ಸ್’ ಮತ್ತೆ ಕೇಳಿ. ಒಬ್ಬರು ಇನ್ನೊಬ್ಬರನ್ನು ಸೂತ್ರದ ಬೊಂಬೆಯ ಹಾಗೆ ಆಡಿಸುವ ಮಾತು ಅಲ್ಲಿದೆ. ಹೇಳುವ ದನಿ ಎಷ್ಟು ಮೆತ್ತಗಿದೆಯೋ ಅಷ್ಟೇ ಭಯ ಹುಟ್ಟಿಸುತ್ತದೆ. ಪ್ರೀತಿಯಲ್ಲಿ ಹಿಡಿತ ಯಾರದ್ದು ಅನ್ನುವ ಈ ಪ್ರಶ್ನೆಯನ್ನೇ ಗೋರ್ 1984ರ ‘ಮಾಸ್ಟರ್ ಅಂಡ್ ಸರ್ವಂಟ್’ನಲ್ಲಿ ಕೈಗೆತ್ತಿಕೊಂಡರು. ‘ಫೋಟೋಗ್ರಾಫಿಕ್’ ಇನ್ನೂ ತಣ್ಣಗಿನ ಹಾಡು. ಇದು ಸ್ಟೀವೋ ಹೊರತಂದ ‘ಸಮ್ ಬಿಜಾರ್’ ಸಂಕಲನಕ್ಕಾಗಿ ಮೊದಲು ರೆಕಾರ್ಡ್ ಆಯಿತು. ಸಾಫ್ಟ್ ಸೆಲ್, ಬ್ಲಾಂಕ್‌ಮಾಂಜ್ ತಂಡಗಳೂ ಅದೇ ಸಂಕಲನದಲ್ಲಿದ್ದವು. ಆಲ್ಬಮ್‌ಗೆ ಇದನ್ನು ಹೊಸದಾಗಿ ಮಾಡಿದರು. ಇನ್ನು ‘ಡ್ರೀಮಿಂಗ್ ಆಫ್ ಮಿ’ ಸಿಂಗಲ್‌ನ ಹಿಂಬದಿಯಲ್ಲಿದ್ದ ‘ಐಸ್ ಮೆಷೀನ್’ ಕೇಳಿದರೆ ಕ್ಲಾರ್ಕ್ ಬರೀ ನಗುಮುಖದ ಪಾಪ್ ಬರೆಯುವವರು ಎಂಬ ಮಾತು ನಿಲ್ಲುವುದೇ ಇಲ್ಲ. ಅದು ಆಲ್ಬಮ್‌ನಲ್ಲಿ ಇರಬೇಕಿತ್ತು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಅದರ ಬದಲು ‘ವಾಟ್ಸ್ ಯುವರ್ ನೇಮ್?’ ಇದೆ. ಆಲ್ಬಮ್‌ನ ಅತ್ಯಂತ ದುರ್ಬಲ ಹಾಡು. ದಾಟಿಕೊಂಡು ಹೋದರೆ ನಷ್ಟವಿಲ್ಲ.

ನಿಮಗೆ ಇಷ್ಟವಾದ ಡಿಪೆಷ್ ಮೋಡ್ ಇಲ್ಲಿ ಎಲ್ಲಿದೆ ಎಂದರೆ, ಗೋರ್ ಬರೆದ ಎರಡು ಹಾಡುಗಳಲ್ಲಿ. ‘ಬಿಗ್ ಮಫ್’ ಬರೀ ವಾದ್ಯಸಂಗೀತ. ‘ಟೋರಾ! ಟೋರಾ! ಟೋರಾ!’ದಲ್ಲಿ ಒಂದು ಕೆಟ್ಟ ಕನಸಿದೆ. ಪರ್ಲ್ ಹಾರ್ಬರ್ ದಾಳಿಯ ಜಪಾನಿ ಸಂಕೇತದ ಮಾತು ಅದರ ಹೆಸರು. ಪ್ರೀತಿ, ಸಾವು, ಯುದ್ಧ ಮೂರೂ ಒಂದರೊಳಗೊಂದು ಬೆರೆತಿವೆ. ಪಕ್ಕದ ಹಾಡುಗಳ ಬೆಳಕಿನ ನಡುವೆ ಇದು ಥಟ್ಟನೆ ಎದ್ದು ಕಾಣುತ್ತದೆ. ಇದರ ಜೊತೆ ‘ಎನಿ ಸೆಕೆಂಡ್ ನೌ’ ಕೇಳಿ. ಬರೆದವರು ಕ್ಲಾರ್ಕ್, ಹಾಡಿದವರು ಗೋರ್. ಡಿಪೆಷ್ ಮೋಡ್ ಹಾಡೊಂದರಲ್ಲಿ ಅವರ ದನಿ ಮುಂದೆ ಬಂದದ್ದು ಇದೇ ಮೊದಲು. ನಿಧಾನ, ಮೆಲು, ತಾಳದ ಗದ್ದಲವೇ ಇಲ್ಲ. ಮುಂದೆ ಪ್ರತಿ ಆಲ್ಬಮ್‌ನಲ್ಲೂ ಗೋರ್ ಹಾಡುವ ಮೆಲುದನಿಯ ಹಾಡಿಗಾಗಿ ಕಾಯುವ ಅಭಿಮಾನಿಗಳಿಗೆ ಅದರ ಬೇರು ಇಲ್ಲಿ ಸಿಗುತ್ತದೆ.

ಗಹನ್ ಬಗ್ಗೆಯೂ ಒಂದು ಮಾತು. ಆಗ ಅವರಿಗೆ 19 ವರ್ಷ. ನಿಮಗೆ ಪರಿಚಯವಿರುವ ಆ ಆಳದ ದನಿ ಇನ್ನೂ ಬಂದಿಲ್ಲ. ಇಲ್ಲಿ ಅವರು ಹೆಚ್ಚು ಭಾವ ತುಂಬದೆ, ಸ್ವಲ್ಪ ಚಪ್ಪಟೆಯಾಗಿ ಹಾಡುತ್ತಾರೆ. ಅದೇ ಈ ಹಾಡುಗಳಿಗೆ ಸರಿ. ‘ಬಾಯ್ಸ್ ಸೇ ಗೋ!’ ಹಾಡನ್ನು 1990ರ ಗಹನ್ ಹಾಡಿದ್ದರೆ ಕೆಟ್ಟುಹೋಗುತ್ತಿತ್ತು.

ಹೆಸರಿನ ವಿಚಾರದಲ್ಲಿ ನಿಮ್ಮ ‘ಆಟಿಕೆ’ ಮಾತು ಸರಿಯೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1978ರಲ್ಲಿ ಹೊರತಂದ, ಮಾತಾಡಿ ಸ್ಪೆಲಿಂಗ್ ಕಲಿಸುವ ಮಕ್ಕಳ ಆಟಿಕೆಯ ಹೆಸರದು. ಹೊದಿಕೆಯ ಚಿತ್ರ ಬ್ರಯಾನ್ ಗ್ರಿಫಿನ್ ತೆಗೆದದ್ದು. ಪ್ಲಾಸ್ಟಿಕ್ ಸುತ್ತಿದ ಹಂಸ. ಹಾಡುಗಳಿಗೂ ಅದಕ್ಕೂ ಏನು ಸಂಬಂಧ ಅಂತ ಹುಡುಕಲು ಹೋಗಬೇಡಿ, ಅದರ ಮುಂದಿನ ವರ್ಷದ ‘ಎ ಬ್ರೋಕನ್ ಫ್ರೇಮ್’ ಆಲ್ಬಮ್‌ಗೆ ಅದೇ ಗ್ರಿಫಿನ್ ತೆಗೆದ ಹೊಲದ ಚಿತ್ರ ಅದಕ್ಕಿಂತ ಎಷ್ಟೋ ಮೇಲು.

ಕ್ಲಾರ್ಕ್ ಯಾಕೆ ಬಿಟ್ಟರು? ಹೆಸರು ಬಂದ ಮೇಲಿನ ಸಂದರ್ಶನ, ಫೋಟೋ, ಊರೂರು ಸುತ್ತಾಟ ಅವರಿಗೆ ಹಿಡಿಸಲಿಲ್ಲ. ಅವರಿಗೆ ಬೇಕಾಗಿದ್ದು ಸ್ಟುಡಿಯೋ. ‘ಜಸ್ಟ್ ಕಾಂಟ್ ಗೆಟ್ ಎನಫ್’ ತಂಡದ ಮೊದಲ ವಿಡಿಯೋ. ಕ್ಲಾರ್ಕ್ ಇರುವ ಒಂದೇ ಡಿಪೆಷ್ ಮೋಡ್ ವಿಡಿಯೋವೂ ಅದೇ. ತಂಡ ಬಿಟ್ಟ ಬೆನ್ನಲ್ಲೇ ಬ್ಯಾಸಿಲ್ಡನ್ನಿನವರೇ ಆದ ಆಲಿಸನ್ ಮೊಯೆ ಜೊತೆ ‘ಯಾಜೂ’ ಕಟ್ಟಿದರು. 1982ರಲ್ಲಿ ‘ಓನ್ಲಿ ಯೂ’ 2ನೇ ಸ್ಥಾನಕ್ಕೆ ಹೋಯಿತು. ಅದರ ಆಲ್ಬಮ್ ‘ಅಪ್‌ಸ್ಟೇರ್ಸ್ ಅಟ್ ಎರಿಕ್ಸ್’. ಬ್ಲ್ಯಾಕ್‌ವಿಂಗ್‌ನ ಅದೇ ಎರಿಕ್ ರಾಡ್‌ಕ್ಲಿಫ್ ಹೆಸರಿನದು. ಆಮೇಲೆ 1985ರಲ್ಲಿ ಆಂಡಿ ಬೆಲ್ ಜೊತೆ ‘ಇರೇಷರ್’. ಈ ಮೂರನ್ನೂ ಸಾಲಾಗಿ ಕೇಳಿದರೆ ‘ಸ್ಪೀಕ್ ಅಂಡ್ ಸ್ಪೆಲ್’ ಎಲ್ಲಿಗೆ ಸೇರಿದ್ದು ಅಂತ ಗೊತ್ತಾಗುತ್ತದೆ. ಅದರ ನೇರ ಒಡಹುಟ್ಟು ಯಾಜೂ, ‘ವಯಲೇಟರ್’ ಅಲ್ಲ.

ಇತ್ತ ಉಳಿದ ಮೂವರ ಕತೆ ಮುಗಿಯಿತು ಅಂತಲೇ ಅಂದಿನ ಹಲವರ ಎಣಿಕೆ. ಆದರೆ ಗೋರ್ ಬರೆದ ‘ಸೀ ಯೂ’ 1982ರ ಆರಂಭದಲ್ಲಿ 6ಕ್ಕೆ ಏರಿತು. ಅಂದರೆ ಕ್ಲಾರ್ಕ್ ಇದ್ದಾಗ ಬಂದ ಯಾವ ಸಿಂಗಲ್‌ಗಿಂತಲೂ ಮೇಲೆ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಆಲನ್ ವೈಲ್ಡರ್‌ರನ್ನು ಸೇರಿಸಿಕೊಂಡರು. ಶಾಸ್ತ್ರೀಯವಾಗಿ ಕಲಿತಿದ್ದ ವೈಲ್ಡರ್ ಬಂದ ಮೇಲೆ ಶಬ್ದ ದಪ್ಪವಾಗುತ್ತಾ, ಭಾರವಾಗುತ್ತಾ ಹೋಯಿತು. ನೀವು ಇಷ್ಟಪಟ್ಟ ತಂಡ ಹಾಗೆ ಹುಟ್ಟಿತು. ಕ್ಲಾರ್ಕ್ ಮತ್ತು ಗೋರ್ ಮತ್ತೆ ಒಟ್ಟಿಗೆ ಆಲ್ಬಮ್ ಮಾಡಲು 2012ರವರೆಗೆ ಕಾಯಬೇಕಾಯಿತು. ‘ವಿಸಿಎಂಜಿ’ ಹೆಸರಿನ ಆ ಕೆಲಸದಲ್ಲಿ ಹಾಡೇ ಇಲ್ಲ, ಬರೀ ಟೆಕ್ನೋ ಎಂಬ ಯಂತ್ರತಾಳದ ಕುಣಿತದ ಸಂಗೀತ.

ಇನ್ನು ಯಾವ ಆವೃತ್ತಿ ಕೇಳಬೇಕು ಅನ್ನುವ ಪ್ರಶ್ನೆ. ಬ್ರಿಟನ್ನಿನ ಮ್ಯೂಟ್ ಆವೃತ್ತಿಯಲ್ಲಿ ‘ಐ ಸಮ್‌ಟೈಮ್ಸ್ ವಿಶ್ ಐ ವಾಸ್ ಡೆಡ್’ ಇದೆ, ‘ಡ್ರೀಮಿಂಗ್ ಆಫ್ ಮಿ’ ಇಲ್ಲ. ಅಮೆರಿಕದಲ್ಲಿ ಸೈರ್ ಕಂಪನಿ ಹೊರತಂದಾಗ ಮೊದಲನೆಯದನ್ನು ತೆಗೆದು ಎರಡನೆಯದನ್ನು ಹಾಕಿದರು. ‘ಜಸ್ಟ್ ಕಾಂಟ್ ಗೆಟ್ ಎನಫ್’ಗೂ ಅಲ್ಲಿ ಉದ್ದನೆಯ ‘ಸ್ಕಿಜೋ ಮಿಕ್ಸ್’ ಬಂತು. ಹಾಡುಗಳ ಕ್ರಮವೂ ಬೇರೆ. ನೀವು ಕಂಡ ಎರಡು ಪಟ್ಟಿಗಳು ಬಹುಶಃ ಇವೇ. ನನ್ನ ಸಲಹೆ ಬ್ರಿಟನ್ ಆವೃತ್ತಿ. ‘ನ್ಯೂ ಲೈಫ್’ನಿಂದ ಶುರುವಾಗಿ ‘ಎನಿ ಸೆಕೆಂಡ್ ನೌ’ನಲ್ಲಿ ಮೆಲ್ಲಗಾಗಿ, ಕೊನೆಗೆ ‘ಜಸ್ಟ್ ಕಾಂಟ್ ಗೆಟ್ ಎನಫ್’ನಲ್ಲಿ ಕುಣಿದು ಮುಗಿಯುವ ಆ ಕ್ರಮ ಯೋಚಿಸಿ ಇಟ್ಟದ್ದು. ಬೋನಸ್ ಇರುವ ಸಿಡಿ ಆವೃತ್ತಿ ಸಿಕ್ಕರೆ 11 ಹಾಡು ಮುಗಿಸಿ, ಸ್ವಲ್ಪ ಬಿಟ್ಟು, ‘ಡ್ರೀಮಿಂಗ್ ಆಫ್ ಮಿ’ ಮತ್ತು ‘ಐಸ್ ಮೆಷೀನ್’ ಕೇಳಿ. 2006ರ ಮರುಬಿಡುಗಡೆಯ ಜೊತೆ ಒಂದು ಡಿವಿಡಿಯೂ ಇತ್ತು. ಆ ಎರಡು ವರ್ಷಗಳ ಬಗ್ಗೆ ತಂಡದವರೇ ಮಾತಾಡಿರುವ ಸಾಕ್ಷ್ಯಚಿತ್ರ ಅದರಲ್ಲಿದೆ. ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಮತ್ತೆ, ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಬೇಸ್ ಎಳೆ ಕಾಣೆಯಾದರೆ ಈ ಆಲ್ಬಮ್‌ನ ಅರ್ಧ ಟ್ಯೂನ್‌ಗಳೇ ಕಾಣೆಯಾದಂತೆ.